ಹೊಸ ಕಿಟಕಿ, ಹಳೆಯ ಅಭ್ಯಾಸ

ಒಂದು ತಂತ್ರಾಂಶವನ್ನು ಕೊಳ್ಳುವುದಕ್ಕಾಗಿ ಜನ ಮಧ್ಯರಾತ್ರಿಯಲ್ಲಿ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತದ್ದು ಅಪರೂಪದ ಸಂಗತಿ. 1995ರ ಆಗಸ್ಟ್ 24ರಂದು ಅದು ನಡೆಯಿತು. ದಿನ ಮೊದಲು ಹುಟ್ಟುವ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ‘ವಿಂಡೋಸ್ 95’ರ ಮೊದಲ ಪ್ರತಿ ಮಾರಾಟವಾಯಿತು. ಸೂರ್ಯನನ್ನು ಹಿಂಬಾಲಿಸಿ ಆ ಸಂಭ್ರಮ ಭೂಗೋಳವನ್ನು ಒಂದು ಸುತ್ತು ಹಾಕಿತು. ಲಂಡನ್ನಿನಲ್ಲಿ ‘ದಿ ಟೈಮ್ಸ್’ ಪತ್ರಿಕೆಯನ್ನು ಅಂದು ಓದುಗರಿಗೆ ಪುಕ್ಕಟೆಯಾಗಿ ಹಂಚಲಾಯಿತು. ಅದರ ಖರ್ಚು ಮೈಕ್ರೋಸಾಫ್ಟ್ ಕಂಪೆನಿಯದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವಿಂಡೋಸ್ ಲಾಂಛನದ ಬಣ್ಣಗಳ ದೀಪಾಲಂಕಾರ. ಜಾಹೀರಾತಿಗೆ ರೋಲಿಂಗ್ ಸ್ಟೋನ್ಸ್ ತಂಡದ ಹಾಡು. ಮೊದಲ ಐದು ವಾರಗಳಲ್ಲಿ ಸುಮಾರು 70 ಲಕ್ಷ ಪ್ರತಿಗಳು ಖರ್ಚಾದವು.

ಈ ಸಡಗರದ ವರದಿಗಳು ಬೇಕಾದಷ್ಟಿವೆ. ಆದರೆ ಪೆಟ್ಟಿಗೆಯನ್ನು ಮನೆಗೆ ಒಯ್ದವರು ಅದನ್ನು ತಮ್ಮ ಕಂಪ್ಯೂಟರಿಗೆ ತುಂಬಿ, ಮೊದಲ ಬಾರಿಗೆ ಪರದೆಯ ಮುಂದೆ ಕುಳಿತಾಗ ಏನಾಯಿತು ಎಂಬುದು ಅದಕ್ಕಿಂತ ಸ್ವಾರಸ್ಯಕರ. ಯಂತ್ರ ಹಳೆಯದೇ, ಕಡತಗಳೂ ಹಳೆಯವೇ, ಕುಳಿತಿರುವ ಮನುಷ್ಯನೂ ಅವನೇ. ನಡುವೆ ಇರುವುದು ಮಾತ್ರ ಹೊಸದು. ಆ ಮೊದಲ ಗಳಿಗೆಯಲ್ಲಿ ಕಣ್ಣಿಗೆ ಬಿದ್ದದ್ದು ಒಂದು, ಮುಂದೆ ವರ್ಷಗಟ್ಟಲೆ ಉಳಿದು ಲೆಕ್ಕಕ್ಕೆ ಬಂದದ್ದು ಇನ್ನೊಂದು.

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಎಂದರೇನು ಎಂದು ಕೇಳುವವರಿಗೆ ಮದುವೆ ಛತ್ರದ ಪಾರುಪತ್ಯಗಾರನನ್ನು ತೋರಿಸಬಹುದು. ಅಡುಗೆ ಮಾಡುವವನು ಅವನಲ್ಲ, ವಾಲಗ ಊದುವವನೂ ಅಲ್ಲ. ಆದರೆ ಯಾವ ಒಲೆ ಯಾರಿಗೆ, ಯಾವ ಕೋಣೆ ಯಾವ ಕಡೆಯವರಿಗೆ, ಉಗ್ರಾಣದ ಬೀಗದ ಕೈ ಯಾರ ಬಳಿ ಎಂಬುದನ್ನೆಲ್ಲ ನಿರ್ಧರಿಸುವವನು ಅವನೇ. ಪತ್ರ ಬರೆಯುವ, ಲೆಕ್ಕ ಹಾಕುವ, ಆಟವಾಡಿಸುವ ತಂತ್ರಾಂಶಗಳೆಲ್ಲ ಡಿಸ್ಕು, ಪರದೆ, ಮುದ್ರಣಯಂತ್ರಗಳಿಗಾಗಿ ಈ ಪಾರುಪತ್ಯಗಾರನನ್ನೇ ಕೇಳಬೇಕು. ಅವನು ಬದಲಾದ ಮರುದಿನ ಛತ್ರದಲ್ಲಿ ಏನೆಲ್ಲ ಆಗಬಹುದೋ ಅದೆಲ್ಲ ಕಂಪ್ಯೂಟರಿನಲ್ಲೂ ಆಗುತ್ತದೆ.

ವಿಂಡೋಸ್ 95ಕ್ಕೆ ಮೊದಲು ಇದ್ದವರು ಇಬ್ಬರು. 1981ರಿಂದ ನಡೆದುಬಂದ ಡಾಸ್, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬೆರಳಚ್ಚಿಸಿ ಕೆಲಸ ತೆಗೆಯುವ ಬಗೆಯದು. ಅದರ ಮೇಲೆ 1990ರ ವಿಂಡೋಸ್ 3.0, 1992ರ ವಿಂಡೋಸ್ 3.1 ಎಂಬ ಚಿತ್ರಗಳ ಹೊದಿಕೆ. ಅಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬ ದೊಡ್ಡ ಚೌಕಟ್ಟು, ಅದರೊಳಗೆ ಸಣ್ಣ ಚೌಕಟ್ಟುಗಳು, ಅವುಗಳೊಳಗೆ ಚಿತ್ರಗಳು. ಒಂದು ಕೆಲಸವನ್ನು ಕುಗ್ಗಿಸಿದರೆ ಅದು ಪರದೆಯ ಬುಡದಲ್ಲಿ ಪುಟ್ಟ ಚಿತ್ರವಾಗಿ ಕೂರುತ್ತಿತ್ತು. ಅದರ ಮೇಲೆ ಬೇರೊಂದು ಚೌಕಟ್ಟು ಬಂದರೆ ಮುಚ್ಚಿಹೋಗುತ್ತಿತ್ತು. ಬರೆಯುತ್ತಿದ್ದ ಪತ್ರ ಕಳೆದೇಹೋಯಿತೆಂದು ತಿಳಿದು ಅದನ್ನೇ ಎರಡನೆಯ ಸಲ ತೆರೆದವರು ಎಷ್ಟೋ ಮಂದಿ.

ಹೊಸದನ್ನು ತುಂಬುವ ಕೆಲಸವೇ ತಾಳ್ಮೆಯ ಪರೀಕ್ಷೆಯಾಗಿತ್ತು. ಸಿ.ಡಿ. ಓದುವ ಸೌಲಭ್ಯ ಇದ್ದವರು ಪುಣ್ಯವಂತರು. ಇಲ್ಲದವರಿಗೆ 13 ಫ್ಲಾಪಿಗಳ ಕಟ್ಟು. ಒಂದನ್ನು ತೆಗೆದು ಮತ್ತೊಂದನ್ನು ಹಾಕುತ್ತ, ಹನ್ನೊಂದನೆಯದೋ ಹನ್ನೆರಡನೆಯದೋ ಕೆಟ್ಟಿರದಿರಲಿ ಎಂದು ಹರಸಿಕೊಳ್ಳುತ್ತ ಕೂರಬೇಕು. ಸಾಮಾನ್ಯ ಫ್ಲಾಪಿಯಲ್ಲಿ ಹಿಡಿಯುವ 1.44 ಮೆಗಾಬೈಟಿನ ಬದಲು ಇವುಗಳಲ್ಲಿ 1.68 ಮೆಗಾಬೈಟಿನಷ್ಟನ್ನು ಒತ್ತಿ ತುಂಬಿದ್ದರು. ಹೀಗಾಗಿ ಅವನ್ನು ಎಂದಿನ ಕ್ರಮದಲ್ಲಿ ನಕಲು ಮಾಡಿಕೊಳ್ಳುವುದೂ ಆಗುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ 4 ಮೆಗಾಬೈಟ್ ಸ್ಮೃತಿ ಸಾಕೆಂದು ಅಚ್ಚಾಗಿತ್ತು. ಸಾಕು, ಆದರೆ ಊಟಕ್ಕೆ ಬರೀ ಗಂಜಿ ಸಾಕು ಎಂಬ ಅರ್ಥದಲ್ಲಿ. ಅಷ್ಟರಲ್ಲೇ ನಡೆಸಿದವರಿಗೆ ಡಿಸ್ಕಿನ ಗರಗರ ಸದ್ದೇ ಹೊಸ ಯುಗದ ಸ್ವಾಗತಗೀತೆಯಾಯಿತು. ನೆಮ್ಮದಿಯಾಗಿ ಕೆಲಸ ಮಾಡಲು ಅದರ ಎರಡರಷ್ಟು ಬೇಕಿತ್ತು.

ನಿಜವಾದ ಸ್ವಾಗತಗೀತೆಯೂ ಒಂದಿತ್ತು. ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೋ ಅವರಿಗೆ ಕಂಪೆನಿ ಗುಣವಿಶೇಷಣಗಳ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟು, ಅದೆಲ್ಲವೂ ಮೂರೂಕಾಲು ಸೆಕೆಂಡಿನಲ್ಲಿ ಅಡಗಿರಬೇಕೆಂದು ಕೇಳಿತ್ತು. ಅವರು 84 ತುಣುಕುಗಳನ್ನು ರಚಿಸಿದರು. ಕೊನೆಗೆ ಬಳಕೆಗೆ ಬಂದದ್ದು ಆರು ಸೆಕೆಂಡಿನಷ್ಟು ಉದ್ದವಿದೆ. ಅದನ್ನು ರಚಿಸಿದ್ದು ಪ್ರತಿಸ್ಪರ್ಧಿ ಕಂಪೆನಿಯ ಮೆಕಿಂತೋಷ್ ಕಂಪ್ಯೂಟರಿನಲ್ಲಿ ಎಂದು ಅವರೇ ಮುಂದೆ ಹೇಳಿಕೊಂಡರು.

ಆ ದನಿ ಮುಗಿದ ಮೇಲೆ ಕಂಡದ್ದು ಹೆಚ್ಚುಕಡಿಮೆ ಖಾಲಿ ಪರದೆ. ಹಸಿರುಮಿಶ್ರಿತ ನೀಲಿ ಬಣ್ಣ, ಎಡಭಾಗದಲ್ಲಿ ನಾಲ್ಕಾರು ಚಿತ್ರ, ಬುಡದಲ್ಲಿ ಒಂದು ಬೂದು ಪಟ್ಟಿ, ಅದರ ಎಡತುದಿಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿ. ಪ್ರೋಗ್ರಾಂ ಮ್ಯಾನೇಜರ್ ಮಾಯ. ವರ್ಷಗಟ್ಟಲೆ ಬೆಳಗಾದರೆ ಅದರ ಮುಖ ನೋಡಿದ್ದವರಿಗೆ ಬಾಡಿಗೆ ಮನೆ ಖಾಲಿ ಮಾಡಿದಂಥ ಅನುಭವ.

ಆ ಗುಂಡಿ ಅಲ್ಲಿಗೆ ಬಂದ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ‘ಷಿಕಾಗೊ’ ಎಂಬ ಗುಪ್ತನಾಮದಲ್ಲಿ ಈ ವ್ಯವಸ್ಥೆ ರೂಪುಗೊಳ್ಳುತ್ತಿದ್ದಾಗ, 1992ರಲ್ಲಿ ಅದರ ಹೊರರೂಪವನ್ನು ವಿನ್ಯಾಸಗೊಳಿಸಲು ಒಂದು ತಂಡ ಕಟ್ಟಲಾಯಿತು. ಅವರು ಮಾಡಿದ ಜಾಣತನವೆಂದರೆ ಜನರನ್ನು ಕರೆದು ಕೂರಿಸಿ ನೋಡಿದ್ದು. ಬಂದವರಲ್ಲಿ ಹೊಸಬರೂ ಪಳಗಿದವರೂ ಇದ್ದರು. ಎರಡು ಸಲ ಬೇಗಬೇಗ ಗುಂಡಿ ಒತ್ತುವುದು ಹೊಸಬರಿಗೆ ಬರುತ್ತಿರಲಿಲ್ಲ. ಮುಚ್ಚಿಹೋದ ಚೌಕಟ್ಟು ಎಲ್ಲಿಗೆ ಹೋಯಿತೆಂದು ಪಳಗಿದವರಿಗೂ ತಿಳಿಯುತ್ತಿರಲಿಲ್ಲ. ಬುಡದಲ್ಲಿ ಸದಾ ಕಾಣುವ ಪಟ್ಟಿಯೊಂದನ್ನಿಟ್ಟು, ತೆರೆದ ಪ್ರತಿಯೊಂದು ಕೆಲಸಕ್ಕೂ ಅಲ್ಲಿ ಒಂದು ಗುಂಡಿ ಕೊಟ್ಟದ್ದು ಈ ಗೋಳಿಗೆ ಕಂಡುಕೊಂಡ ಪರಿಹಾರ. ಇದರ ಹಿಂದಿದ್ದವರಲ್ಲಿ ಡ್ಯಾನಿಯಲ್ ಓರಾನ್ ಪ್ರಮುಖರು. ಅವರ ಓದು ಮನಶ್ಶಾಸ್ತ್ರದ್ದು ಎಂಬುದನ್ನು ಗಮನಿಸಬೇಕು.

ಆರಂಭದ ಮಾದರಿಗಳಲ್ಲಿ ಆ ಗುಂಡಿಯ ಹೆಸರು ‘ಸಿಸ್ಟಂ’ ಎಂದಿತ್ತು. ಜನ ಬಂದು ಕುಳಿತು ಪರದೆಯನ್ನು ದಿಟ್ಟಿಸುತ್ತಿದ್ದರೇ ಹೊರತು ಅದನ್ನು ಒತ್ತುತ್ತಿರಲಿಲ್ಲ. ಎಲ್ಲಿಂದ ಶುರುಮಾಡಬೇಕು ಎಂಬುದೇ ಅವರ ತೊಡಕು ಎಂದು ಗೊತ್ತಾದ ಮೇಲೆ ಗುಂಡಿಯ ಮೇಲೆಯೇ ‘ಶುರು’ ಎಂದು ಬರೆದರು. ಅದೂ ಸಾಲದೆಂದು, ಇಲ್ಲಿ ಒತ್ತಿ ಎಂದು ಹೇಳುವ ಬಾಣವೊಂದು ಪಟ್ಟಿಯ ಮೇಲೆ ಜಾರುತ್ತ ಬಂದು ಗುಂಡಿಗೆ ಡಿಕ್ಕಿ ಹೊಡೆಯುವಂತೆ ಮಾಡಿದರು. ಪಳಗಿದವರಿಗೆ ಈ ಬಾಣ ಅವಮಾನದಂತೆ ತೋರಿತು. ಕಂಪ್ಯೂಟರನ್ನು ಮುಚ್ಚಬೇಕಾದರೂ ‘ಶುರು’ ಒತ್ತಬೇಕು ಎಂಬುದಂತೂ ಹಲವು ವರ್ಷಗಳ ನಗೆಹನಿಗೆ ವಸ್ತುವಾಯಿತು. ನಗುವುದು ಸುಲಭ. ಆದರೆ ಮೊದಲ ಬಾರಿ ಮೌಸ್ ಹಿಡಿದ ಲಕ್ಷಾಂತರ ಜನ ಯಾರ ಸಹಾಯವೂ ಇಲ್ಲದೆ ಮುಂದುವರಿದದ್ದು ಆ ಬಾಣದಿಂದಲೇ.

ಪಳಗಿದವರಿಗೆ ಕಾದಿದ್ದ ನಿಜವಾದ ಆಘಾತ ಬೇರೆಡೆ ಇತ್ತು. ಹಳೆಯ ವಿಂಡೋಸಿನಲ್ಲಿ ಚೌಕಟ್ಟಿನ ಬಲಮೇಲ್ತುದಿಯಲ್ಲಿ ಇದ್ದದ್ದು ಅದನ್ನು ಪರದೆಯ ತುಂಬ ಹಿಗ್ಗಿಸುವ ಗುಂಡಿ. ಹೊಸದರಲ್ಲಿ ಅದೇ ತುದಿಗೆ ಕತ್ತರಿ ಗುರುತಿನ ಮುಚ್ಚುವ ಗುಂಡಿ ಬಂದು ಕೂತಿತು. ಹಿಗ್ಗಿಸುವುದು ಒಂದು ಹೆಜ್ಜೆ ಎಡಕ್ಕೆ ಸರಿಯಿತು. ಪತ್ರವನ್ನು ದೊಡ್ಡದು ಮಾಡಿ ನೋಡೋಣವೆಂದು ಹೋದ ಕೈ ಪತ್ರವನ್ನೇ ಮುಚ್ಚಿಬಿಡುತ್ತಿತ್ತು. ತಲೆಗೆ ಹೊಸ ವ್ಯವಸ್ಥೆ ಅರ್ಥವಾಗಿರುತ್ತದೆ, ಕೈಗೆ ಅರ್ಥವಾಗಿರುವುದಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಜಾಗಕ್ಕೆ ಸಕ್ಕರೆ ಡಬ್ಬಿ ಇಟ್ಟ ಹಾಗೆ. ವಿನ್ಯಾಸಕಾರರು ಇದನ್ನು ಅರಿಯದವರೇನಲ್ಲ. ಹಳೆಯ ಪದ್ಧತಿಯಂತೆ ಎಡಮೇಲ್ತುದಿಯಲ್ಲಿ ಎರಡು ಸಲ ಒತ್ತಿದರೂ ಚೌಕಟ್ಟು ಮುಚ್ಚುವಂತೆ ಉಳಿಸಿಕೊಂಡರು. ಪ್ರೋಗ್ರಾಂ ಮ್ಯಾನೇಜರನ್ನು ಕೂಡ ಪೂರ್ತಿ ಎಸೆದಿರಲಿಲ್ಲ. ಬೇಕೆಂದವರು ಹುಡುಕಿ ತೆರೆಯುವಂತೆ ಒಳಗೆಲ್ಲೋ ಇಟ್ಟಿದ್ದರು.

ಮೆಚ್ಚುಗೆ ಪಡೆದ ಬದಲಾವಣೆಗಳಲ್ಲಿ ಮೊದಲನೆಯದು ಕಡತಗಳ ಹೆಸರು. ಡಾಸ್ ಕಾಲದಲ್ಲಿ ಹೆಸರಿಗೆ ಎಂಟು ಅಕ್ಷರ, ಚುಕ್ಕೆ, ಆಮೇಲೆ ಮೂರು ಅಕ್ಷರ. ಇದಕ್ಕಿಂತ ಉದ್ದ ಸಲ್ಲದು. ವಿಂಡೋಸ್ 95ರಲ್ಲಿ 255 ಅಕ್ಷರಗಳವರೆಗೆ ಅವಕಾಶ ಸಿಕ್ಕಿತು. ಮೊದಲಿನಿಂದಲೂ ಇಂಥ ಬಿಗಿ ಇಲ್ಲದ, 31 ಅಕ್ಷರಗಳ ಹೆಸರಿಗೆ ಎಡೆಯಿದ್ದ ಮೆಕಿಂತೋಷಿನ ತಯಾರಕರಾದ ಆಪಲ್ ಕಂಪೆನಿಯವರು ಪತ್ರಿಕೆಗಳಲ್ಲಿ ಅಭಿನಂದನೆಯ ಜಾಹೀರಾತು ಕೊಟ್ಟರು. ಅದರಲ್ಲಿ ಅಭಿನಂದನೆ ಎಂಬರ್ಥದ ಇಂಗ್ಲಿಷ್ ಪದವನ್ನೇ ಡಾಸ್ ನಿಯಮಕ್ಕೆ ತಕ್ಕಂತೆ ಸ್ವರಗಳನ್ನು ಕಿತ್ತು ಎಂಟಕ್ಷರಕ್ಕೆ ಕುಗ್ಗಿಸಿ ಅಚ್ಚು ಹಾಕಿದ್ದರು. ಚುಚ್ಚಿದ್ದು ಸರಿಯಾದ ಜಾಗಕ್ಕೇ. ಏಕೆಂದರೆ ಉದ್ದದ ಹೆಸರಿನ ಹಿಂದೆ, ಹಳೆಯ ತಂತ್ರಾಂಶಗಳಿಗೆಂದು, ಒಂದು ಗಿಡ್ಡ ಹೆಸರೂ ಗುಟ್ಟಾಗಿ ಸೃಷ್ಟಿಯಾಗುತ್ತಿತ್ತು: ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕೆ. ಹಳೆಯ ತಂತ್ರಾಂಶದಿಂದ ನೋಡಿದರೆ ಅದೇ ಕಾಣುವುದು.

ಈ ಗಿಡ್ಡ ಹೆಸರು ಒಂದು ದೊಡ್ಡ ನೀತಿಯ ತುಣುಕು. ಆ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ರೇಮಂಡ್ ಚೆನ್ ಇದರ ಕತೆಗಳನ್ನು ಬರೆದಿಟ್ಟಿದ್ದಾರೆ. ತಂಡದ ಮುಖ್ಯಸ್ಥರು ತಮ್ಮ ಟ್ರಕ್ಕಿನಲ್ಲಿ ಹತ್ತಿರದ ತಂತ್ರಾಂಶದ ಅಂಗಡಿಗೆ ಹೋಗಿ, ಅಲ್ಲಿದ್ದ ಪ್ರತಿಯೊಂದು ತಂತ್ರಾಂಶದ ಒಂದೊಂದು ಪ್ರತಿಯನ್ನು ಕೊಂಡು ತಂದರಂತೆ. ಅವನ್ನು ಕಂಪೆನಿಯ ಊಟದ ಮನೆಯಲ್ಲಿ ರಾಶಿ ಹಾಕಿ, ಒಬ್ಬೊಬ್ಬರು ಒಂದೆರಡನ್ನು ಮನೆಗೊಯ್ದು ಹೊಸ ವ್ಯವಸ್ಥೆಯಲ್ಲಿ ನಡೆಯುತ್ತದೆಯೇ ಪರೀಕ್ಷಿಸಿ, ದೋಷಗಳನ್ನು ವರದಿ ಮಾಡಿದರೆ ಆ ಪ್ರತಿ ಅವರಿಗೇ ಎಂದು ಸಾರಿದರಂತೆ. ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟದ ಪ್ರಸಂಗ ಇನ್ನೂ ಚೆನ್ನಾಗಿದೆ. ಅದರಲ್ಲಿ ಒಂದು ದೋಷವಿತ್ತು: ತನಗೆ ಕೊಟ್ಟ ಸ್ಮೃತಿಯ ಜಾಗವನ್ನು ಹಿಂದಿರುಗಿಸಿದ ಮೇಲೂ ಅದನ್ನೇ ಓದುತ್ತಿತ್ತು. ಹಳೆಯ ವಿಂಡೋಸಿನಲ್ಲಿ ಆ ಜಾಗವನ್ನು ಕೂಡಲೇ ಬೇರೆಯವರಿಗೆ ಕೊಡದಿದ್ದುದರಿಂದ ದೋಷ ಮುಚ್ಚಿಕೊಂಡಿತ್ತು. ಹೊಸದರಲ್ಲಿ ಆಟ ಕುಸಿಯಿತು. ಆಟವನ್ನು ತಿದ್ದುವುದು ಅದರ ಕರ್ತೃವಿನ ಕೆಲಸವಲ್ಲವೇ? ಆದರೆ ಮೈಕ್ರೋಸಾಫ್ಟಿನವರು ವಿಂಡೋಸ್ 95ರಲ್ಲೇ ಒಂದು ವಿಶೇಷ ಏರ್ಪಾಡು ಮಾಡಿದರು. ಓಡುತ್ತಿರುವುದು ಸಿಮ್‌ಸಿಟಿ ಎಂದು ಗೊತ್ತಾದರೆ, ಪಾರುಪತ್ಯಗಾರ ಖಾಲಿಯಾದ ಕೋಣೆಯನ್ನು ಕೂಡಲೇ ಬೇರೆಯವರಿಗೆ ಕೊಡುವುದಿಲ್ಲ.

ಆಗಸ್ಟ್ ತಿಂಗಳ ಆ ಬೆಳಿಗ್ಗೆ ಸಿಮ್‌ಸಿಟಿ ತೆರೆದು ಆಡಿದವರಿಗೆ ಇದಾವುದೂ ತಿಳಿಯಲಿಲ್ಲ. ಆಟ ಮೊದಲಿನಂತೆಯೇ ಓಡಿತು, ಅಷ್ಟೆ. ಏನೂ ಆಗದಿರುವುದು ಯಾರ ಮೊದಲ ಅನಿಸಿಕೆಯಲ್ಲೂ ದಾಖಲಾಗುವುದಿಲ್ಲ. ನನ್ನ ಮಟ್ಟಿಗೆ ವಿಂಡೋಸ್ 95ರ ಅತಿ ದೊಡ್ಡ ಸಾಧನೆ ಸ್ಟಾರ್ಟ್ ಗುಂಡಿಯಲ್ಲ, ಈ ಏನೂ ಆಗದಿರುವಿಕೆ. ಗುಂಡಿಯ ಮೇಲಿನ ಮೋಹವೂ ಕಡಿಮೆಯದಲ್ಲ ಎನ್ನುವುದು 17 ವರ್ಷಗಳ ಬಳಿಕ ಗೊತ್ತಾಯಿತು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಆ ಗುಂಡಿಯನ್ನು ಕಿತ್ತುಹಾಕಲಾಗಿತ್ತು. 1995ರಲ್ಲಿ ಅದನ್ನು ಕಂಡು ನಕ್ಕ ಜನವೇ ಅದಿಲ್ಲವೆಂದು ಹುಯಿಲಿಟ್ಟರು. ಮರುವರ್ಷ 8.1ರಲ್ಲಿ ಗುಂಡಿ ಮರಳಿತು, 2015ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಮರಳಿತು.

ಇನ್ನು ಕನ್ನಡದ ಮಾತು. ಊಟದ ಮನೆಯ ಆ ರಾಶಿಯಲ್ಲಿ ಇಲ್ಲದ ತಂತ್ರಾಂಶಗಳನ್ನು ಬಳಸುತ್ತಿದ್ದವರು ನಮ್ಮಲ್ಲಿದ್ದರು. ಕೆ.ಪಿ. ರಾವ್ ಅವರು ಕನ್ನಡದ ಬೆರಳಚ್ಚಿಗೆ ಸರಳ ಕೀಲಿಮಣೆಯ ವಿನ್ಯಾಸ ಕೊಟ್ಟಿದ್ದರು; ಅವರ ‘ಸೇಡಿಯಾಪು’ ತಂತ್ರಾಂಶವಿತ್ತು. ಮುದ್ರಣಾಲಯಗಳಲ್ಲಿ ಪುಣೆಯಲ್ಲಿ ತಯಾರಾದ ಶ್ರೀಲಿಪಿಯಂಥವು ಬಳಕೆಗೆ ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಇವುಗಳ ಉಪಕಾರ ಸಣ್ಣದಲ್ಲ. ಆದರೆ ಇವೆಲ್ಲ ನಡೆಯುತ್ತಿದ್ದ ಉಪಾಯ ಒಂದೇ. ಯಂತ್ರಕ್ಕೆ ಗೊತ್ತಿದ್ದ ಅಕ್ಷರಸಂಖ್ಯೆಗಳು 256. ಅವು ಇಂಗ್ಲಿಷ್ ಮತ್ತು ಯುರೋಪಿನ ಕೆಲ ಭಾಷೆಗಳಿಗೆ ಮೀಸಲು. ಆ ಜಾಗಗಳಲ್ಲೇ ಕನ್ನಡದ ಅಕ್ಷರಗಳ, ಕೊಂಬು ಕೊಡೆಗಳ, ಒತ್ತುಗಳ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸುವುದು. ಪರದೆಯ ಮೇಲೆ ಕಾಣುವುದು ಕನ್ನಡ. ಡಿಸ್ಕಿನಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ.

ಹೊಸ ವ್ಯವಸ್ಥೆಗೆ ಬದಲಾದಾಗ ಈ ಮುಖವಾಡ ಕಳಚುತ್ತಿತ್ತು. ಉದಾಹರಣೆಗೆ, ವಿಂಡೋಸ್ 95ರ ಜೊತೆಯ ಪತ್ರಲೇಖನ ತಂತ್ರಾಂಶವಾದ ವರ್ಡ್ 95ರಲ್ಲಿ ಒಂದು ಹೊಸ ಸೌಲಭ್ಯವಿತ್ತು: ಕಾಗುಣಿತ ತಪ್ಪಿದ ಪದದ ಕೆಳಗೆ ಬರೆಯುತ್ತಿರುವಾಗಲೇ ಕೆಂಪು ಅಲೆಗೆರೆ ಎಳೆಯುವುದು. ಅದರಲ್ಲಿ ಇಂಥ ಕನ್ನಡ ಕಡತವೊಂದನ್ನು ತೆರೆದರೆ ಪುಟಪೂರ್ತಿ ಕೆಂಪು. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವಲ್ಲ, ಒಂದೂ ಸರಿಯಾದ ಪದವಿಲ್ಲದ ಇಂಗ್ಲಿಷ್. ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡುವ ಅದರ ಉಪಕಾರಬುದ್ಧಿಯಿಂದ, ಬೆರಳಚ್ಚಿಸಿದ ಅಕ್ಷರ ಹೋಗಿ ಇನ್ನಾವುದೋ ಅಕ್ಷರ ಪ್ರತ್ಯಕ್ಷವಾಗುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಇಂಗ್ಲಿಷ್ ಸಂಖ್ಯೆಗಳ ಕ್ರಮದಲ್ಲಿ ಜೋಡಿಸುತ್ತಿತ್ತು. ಡಿಸ್ಕನ್ನು ಅಳಿಸಿ ಹೊಸದಾಗಿ ವ್ಯವಸ್ಥೆ ತುಂಬುವಾಗ ಅಕ್ಷರಗಳ ಕಡತವನ್ನು ಎತ್ತಿಟ್ಟುಕೊಳ್ಳಲು ಮರೆತರಂತೂ ಮುಗಿಯಿತು. ಲಗ್ನಪತ್ರಿಕೆ, ಸಂಘದ ನಡವಳಿ, ಅಚ್ಚಿಗೆ ಹೋಗಬೇಕಾದ ಕಾದಂಬರಿ ಎಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಕಡತ ಕಳೆದಿಲ್ಲ, ಒಂದಕ್ಷರವೂ ಅಳಿದಿಲ್ಲ, ಆದರೆ ಓದಲಾಗದು. ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ಬಗೆಯಾಗಿದ್ದರಿಂದ ಒಬ್ಬರ ಅಕ್ಷರ ಇನ್ನೊಬ್ಬರ ಕಡತಕ್ಕೆ ಒದಗುತ್ತಲೂ ಇರಲಿಲ್ಲ.

ಇದಕ್ಕೆ ಮದ್ದು ಆಗಲೇ ಇತ್ತು ಎಂಬುದೇ ಬೇಸರದ ಸಂಗತಿ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಮೊದಲ ಆವೃತ್ತಿ 1991ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಕನ್ನಡವೂ ಇತ್ತು. ‘ಅ’ ಅಕ್ಷರಕ್ಕೆ 3205, ‘ಕ’ ಅಕ್ಷರಕ್ಕೆ 3221 ಎಂಬ ಸ್ವಂತ ಸಂಖ್ಯೆ. 1993ರಲ್ಲಿ ಕಚೇರಿಗಳಿಗಾಗಿ ಬಂದ ವಿಂಡೋಸ್ ಎನ್.ಟಿ. ಯೂನಿಕೋಡಿನ ಮೇಲೆಯೇ ನಿಂತಿತ್ತು. ಆದರೆ ಮನೆಮನೆಯ ಯಂತ್ರಗಳಿಗೆ ತಯಾರಾದ ವಿಂಡೋಸ್ 95 ಹಳೆಯ ಸಂಖ್ಯಾಪದ್ಧತಿಯಲ್ಲೇ ಉಳಿಯಿತು. ಅಷ್ಟು ಕಡಿಮೆ ಸ್ಮೃತಿಯಲ್ಲಿ ಓಡಬೇಕಾಗಿದ್ದ ವ್ಯವಸ್ಥೆಗೆ ಪ್ರತಿ ಅಕ್ಷರಕ್ಕೂ ಎರಡರಷ್ಟು ಜಾಗ ಕೊಡುವುದು ದುಬಾರಿ. 2000ದ ಆವೃತ್ತಿಯಲ್ಲಿ ದೇವನಾಗರಿಗೂ ತಮಿಳಿಗೂ ಜಾಗ ಸಿಕ್ಕಿತು. ಕನ್ನಡದ ಸರದಿ ಬಂದದ್ದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ.

ಎಕ್ಸ್‌ಪಿ ಎಂದಾಕ್ಷಣ ಎಲ್ಲರಿಗೂ ನೆನಪಾಗುವುದು ಅದರ ಪರದೆಯ ಹಸಿರು ಗುಡ್ಡ ಮತ್ತು ನೀಲಿ ಆಕಾಶ. ಕ್ಯಾಲಿಫೋರ್ನಿಯದ ಸೊನೋಮಾ ಪ್ರದೇಶದಲ್ಲಿ ಚಾರ್ಲ್ಸ್ ಓರಿಯರ್ ತೆಗೆದ ಛಾಯಾಚಿತ್ರ ಅದು. ಕನ್ನಡ ಮಾತ್ರ ಮೊದಲ ನೋಟಕ್ಕೆ ಎಲ್ಲೂ ಕಾಣುತ್ತಿರಲಿಲ್ಲ. ಭಾಷೆ ಮತ್ತು ಪ್ರದೇಶದ ವ್ಯವಸ್ಥೆಯನ್ನು ತೆರೆದು, ಜಟಿಲ ಲಿಪಿಗಳು ಎಂಬಲ್ಲಿ ಗುರುತು ಹಾಕಿ, ವಿಂಡೋಸ್ ಸಿ.ಡಿ.ಯನ್ನು ಮತ್ತೊಮ್ಮೆ ತೂರಿಸಿ, ಯಂತ್ರವನ್ನು ಮುಚ್ಚಿ ತೆರೆದ ಮೇಲೆ ಅದು ಬಳಕೆಗೆ ಬರುತ್ತಿತ್ತು. ಆ ಅಕ್ಷರಕ್ಕೆ ನಮ್ಮ ನದಿಯ ಹೆಸರು: ತುಂಗಾ. ಕಂಡವರ ಮೊದಲ ಅನಿಸಿಕೆ ಅಷ್ಟು ಒಳ್ಳೆಯದಾಗಿರಲಿಲ್ಲ. ಸಾಲುಗಳ ನಡುವೆ ಅಗಾಧ ಅಂತರ, ಪುಟಕ್ಕೆ ಹಿಡಿಯುವುದೇ ಕಡಿಮೆ. ಅಚ್ಚುಕೂಟಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಮುಟ್ಟುತ್ತಲೇ ಇರಲಿಲ್ಲ. ಹೀಗಾಗಿ ಬಹುಕಾಲ ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲೇ ನಡೆದವು.

ಆದರೂ ಒಳಗೆ ನಡೆದಿದ್ದ ಬದಲಾವಣೆ ದೊಡ್ಡದು. ‘ಕ್ಷ’ ಎಂಬುದನ್ನು ಯಂತ್ರ ಈಗ ಒಂದು ಚಿತ್ರವೆಂದಲ್ಲ, ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಖ್ಯೆಗಳೆಂದು ನೆನಪಿಡುತ್ತಿತ್ತು. ಒತ್ತಕ್ಷರದ ಆಕಾರವನ್ನು ಕೂಡಿಸುವ ಹೊಣೆ ಕಾರ್ಯಾಚರಣ ವ್ಯವಸ್ಥೆಯದೇ ಆಯಿತು. ಆದ್ದರಿಂದಲೇ ಪದವನ್ನು ಹುಡುಕಿದರೆ ಸಿಗಲಾರಂಭಿಸಿತು, ಹೆಸರುಗಳು ಅಆಇಈ ಕ್ರಮಕ್ಕೆ ಬಂದವು, ಕಡತಗಳಿಗೇ ಕನ್ನಡದಲ್ಲಿ ಹೆಸರಿಡುವುದು ಸಾಧ್ಯವಾಯಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಿಂತದ್ದು ಈ ನೆಲೆಯ ಮೇಲೆಯೇ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಬಂದವು, ಆದರೆ ಮೂಲದಲ್ಲಿ ಯಾವ ತಯಾರಕರ ಅಕ್ಷರ ಬಳಸಿತ್ತು ಎಂಬುದು ಗೊತ್ತಿರಬೇಕು.

ಎಕ್ಸ್‌ಪಿಗೆ ಕಂಪೆನಿ 2014ರ ಏಪ್ರಿಲ್ 8ರಂದು ಆಸರೆ ನಿಲ್ಲಿಸಿತು. ವಿಂಡೋಸ್ 10 ಬರುವ ಹೊತ್ತಿಗೆ ತುಂಗಾ ಕೂಡ ನೇಪಥ್ಯಕ್ಕೆ ಸರಿದು, ಬೇಕೆಂದವರು ಸೇರಿಸಿಕೊಳ್ಳುವ ಅಕ್ಷರಗಳ ಪಟ್ಟಿಗೆ ಹೋಗಿತ್ತು. ಅದರ ಜಾಗದಲ್ಲಿ ಈಗ ಇರುವುದು ನಿರ್ಮಲಾ ಎಂಬ ಅಕ್ಷರ. ತುಂಗಾದಲ್ಲಿ ಬೆರಳಚ್ಚಿಸಿದ 2002ರ ಪತ್ರವೊಂದನ್ನು ತುಂಗಾ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅದು ನಿರ್ಮಲಾದಲ್ಲಿ ತೆರೆದುಕೊಳ್ಳುತ್ತದೆ. ಅಕ್ಷರದ ದುಂಡು ಸ್ವಲ್ಪ ಬೇರೆ, ಓದಲು ಅಡ್ಡಿಯಿಲ್ಲ. ಅದೇ ಯಂತ್ರದಲ್ಲಿ 1996ರ ಕಡತವೊಂದನ್ನು ಅದರ ಅಕ್ಷರವಿಲ್ಲದೆ ತೆರೆದರೆ ರೋಮನ್ ಅಕ್ಷರಗಳ ಅದೇ ಸಂತೆ, ಅದರ ಕೆಳಗೆ ಅದೇ ಕೆಂಪು ಅಲೆಗೆರೆ.